ಘಾತಾಂಕದ ಹೋಂವರ್ಕ್ ಬಗ್ಗೆ, 8ನೇ ಕ್ಲಾಸಿನ ಪಾಲಕರಿಗೆ

ಎಲ್ಲಾ ಪಾಲಕರಿಗೆ ನಮಸ್ಕಾರ್ರಿ,

ತೊಗರಿ ರಾಶಿ ನಡ್ದದ, ಪತ್ರ ಓದ್ಲಿಕ್ಕ ನಿಮಗ ಪುರಸೊತ್ತ ಇಲ್ಲಂತ ಗೊತ್ತದ, ಆದ್ರ ಹೋದ ವಾರ ಗಣಿತ ಟೀಚರ್ ನೋಟ್‌ಬುಕ್ಕಿನ ಗಂಟು ತಂದು ನನ್ ಟೇಬಲ್ ಮ್ಯಾಲ ಇಟ್ರು, ನೋಡಿದ್ರ ಎಲ್ಲಾರದೂ ರೈಟ್, ಒಂದ್ ತಪ್ಪಿಲ್ಲ. ಅದೇ ಹುಡುಗ್ರನ್ನ ಬೋರ್ಡಿಗೆ ಕರ್ದು 2³ ಎಷ್ಟಪ್ಪಾ ಅಂದ್ರ 6 ಅಂತಾರ! ಮೊಬೈಲ್‌ನಾಗ ಫೋಟೋ ಹೊಡ್ದು ಉತ್ತರ ಇಳಿಸ್ಯಾರ, ಕೆಲವ್ರಿಗೆ ಅಕ್ಕಂದಿರು ಬರ್ದು ಕೊಟ್ಟಾರ, ಅಕ್ಷರ ನೋಡಿದ್ರ ತಿಳೀತದ್ರಿ. ಬೈಲಿಕ್ಕ ಬರೀಲಕತ್ತಿಲ್ಲ.

2³ ಅಂದ್ರ ಎರಡ್ ಮೂರ್ಲೆ ಆರು ಅಲ್ಲ, 2 × 2 × 2, ಅಂದ್ರ 8. ಕೆಳಗಿನ 2 ಆಧಾರ, ಮ್ಯಾಲಿನ ಸಣ್ಣ 3 ಘಾತಾಂಕ, ಎಷ್ಟ್ ಸಲ ಬರ್ದು ಗುಣಿಸ್ಬೇಕು ಅಂತ ಅದು ಹೇಳ್ತದ, ಅಷ್ಟ. 2³ × 2⁴ ಕೊಟ್ರ ಅರ್ಧ ಕ್ಲಾಸು 4⁷ ಬರೀತದ. ಉದ್ದಕ ಬಿಡಿಸಿ ಬರ್ದ್ರ ಮೂರು 2, ನಾಕು 2, ಒಟ್ಟು ಏಳು 2, ಅಂದ್ರ 2⁷, ಉತ್ತರ 128. ಆಧಾರ ಹಂಗೇ ಇರ್ತದ, ಘಾತಾಂಕ ಕೂಡ್ತಾವ. ಆದ್ರ ನಡುವ ಕೂಡೋ ಚಿಹ್ನೆ ಇದ್ರ ಈ ನಿಯಮ ನಡ್ಯಂಗಿಲ್ಲ, 2³ + 2⁴ ಅಂದ್ರ 8 + 16, ಬರೇ 24.

ಖರೇ ತ್ರಾಸ ಸೊನ್ನಿ ಬಂದಾಗ. 2⁰ ಹೆಂಗ 1 ಆಗ್ತದ ಸರ್ ಅಂತ ಕೇಳ್ತಾರ, ಕೇಳೋದೂ ಬರೋಬರಿ ಅದ. 8 ರೊಟ್ಟಿ ಇಟ್ಟು ನೋಡ್ರಿ, 2³. ಘಾತಾಂಕ ಒಂದು ಇಳ್ದಂಗ ರೊಟ್ಟಿ ಅರ್ಧ ಆಗ್ತಾವ, 4, ಆಮ್ಯಾಲ 2, ಮುಂದ 2⁰ಕ್ಕ 1 ರೊಟ್ಟಿ, ಇನ್ನೊಂದು ಇಳಿಸಿದ್ರ 2⁻¹, ಅರ್ಧ ರೊಟ್ಟಿ. ಮೈನಸ್ ಅದಂತ ರೊಟ್ಟಿ ಸಾಲ ಆಗಂಗಿಲ್ಲ! ಸೊನ್ನಿ ದೊಡ್ಡವ್ರಿಗೂ ಕಾಡ್ಯದ ಬಿಡ್ರಿ, ನಮ್ಮ ಸೇಡಂ ತಾಲೂಕಿನ ಮಳಖೇಡ ರಾಜಧಾನಿ ಇದ್ದಾಗ, ನೃಪತುಂಗನ ಕಾಲದ ಮಹಾವೀರಾಚಾರ್ಯ ಅಂಥಾ ಗಣಿತಜ್ಞ, ಸೊನ್ನಿಯಿಂದ ಭಾಗಿಸಿದ್ರ ಸಂಖ್ಯಾ ಬದ್ಲಾಗಂಗಿಲ್ಲ ಅಂತ ತಪ್ಪು ಬರ್ದಿದ್ರು. ಹಂಗಾಗಿ ಮಕ್ಕಳು ತಪ್ಪಿದ್ರ ಹೊಡೀಬ್ಯಾಡ್ರಿ.

ನಿಮಗ ಗಣಿತ ಬರ್ಬೇಕಂತೇನಿಲ್ಲ. ರೊಟ್ಟಿ ಬಡ್ಕೋತ, ಉದ್ದಕ ಬಿಡಿಸಿ ಬರ್ದು ತೋರ್ಸು, ಯಾಕ ಹಿಂಗಾಯ್ತು ಹೇಳು ಅನ್ರಿ, ಹೇಳ್ಲಿಕ್ಕ ಬರ್ಲಿಲ್ಲಂದ್ರ ಆ ಲೆಕ್ಕಕ್ಕ ಗೋಲ್ ಹೊಡ್ದು ಸಾಲಿಗೆ ಕಳಿಸ್ರಿ. ಸೋಮವಾರದಿಂದ ಸಾಲಿ ಬಿಟ್ಟ ಮ್ಯಾಲ ಮುಕ್ಕಾಲು ತಾಸು ಟೀಚರ್ ಕೂಡ್ತಾರ, ಊರಿಂದ ಬಸ್ಸಿಗೆ ಬರೋ ಹುಡುಗ್ರು ಮುಂಜಾನಿ ಪ್ರಾರ್ಥನಾಕಿಂತ ಮೊದ್ಲ ಬರ್ಲಿ, ನಾನೇ ಇರ್ತೀನಿ, ಫೀಸ್ ಏನಿಲ್ಲ.

ಈ ಶನಿವಾರ 10 ಲೆಕ್ಕ ಕೊಡ್ತೀವಿ, ಮಂಗಳವಾರ ತರ್ಬೇಕು. ಕಾಟು ಹೊಡ್ದಿದ್ರೂ ನಡೀತದ, ತಪ್ಪಿದ್ರೂ ನಡೀತದ, ಮೊಬೈಲ್ ನೋಡಿ ಬರ್ದಿದ್ದು ಮಾತ್ರ ಬ್ಯಾಡ್ರಿ.

ನಿಮ್ಮ
ಹೆಡ್‌ಮಾಸ್ತರ