ಐದು ದಿನ ಮೊದಲು ಬಿಟ್ಟು ಕಳಿಸಿದರೆ ಅದು ಜೈಲಿನ ಸಾವಲ್ಲವೇ?

ಕರ್ನಾಟಕದ ಮಾನ್ಯ ಗೃಹ ಸಚಿವರಿಗೆ ನಮಸ್ಕಾರಗಳು.

ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದೊಳಗೆ ಕಾಲಿಡಲು ನನಗೆ ಇವತ್ತಿಗೂ ಆಗುವುದಿಲ್ಲ. ಅದು ಸೆಂಟ್ರಲ್ ಜೈಲಾಗಿದ್ದಾಗ ನಟಿ ಸ್ನೇಹಲತಾ ರೆಡ್ಡಿಯವರನ್ನು ಅಲ್ಲಿ ಎಂಟು ತಿಂಗಳು ಕೂಡಿಹಾಕಿದ್ದರು. ಅವರ ಬಂಧನವಾದದ್ದು 1976ರ ಮೇ 2ರಂದು. ತುರ್ತು ಪರಿಸ್ಥಿತಿ ಇರುವವರೆಗೆ ಬಂಧಿತರು ಹೇಬಿಯಸ್ ಕಾರ್ಪಸ್, ಅಂದರೆ ತಮ್ಮ ಬಂಧನ ಸರಿಯೇ ಎಂಬ ಕೋರ್ಟಿನ ಪರಿಶೀಲನೆ, ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿ ಆಗ ನಾಲ್ಕು ದಿನವಾಗಿತ್ತಷ್ಟೆ. ಸರ್ಕಾರದ ವಿರುದ್ಧ ಸ್ಫೋಟಕ್ಕೆ ಸಂಚು ನಡೆಸಿದ ಆರೋಪದ ಬರೋಡಾ ಡೈನಮೈಟ್ ಪ್ರಕರಣ ಎಂದು ಹಿಡಿದರು, ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಬಿಡುವ ಮೀಸಾ ಕಾಯ್ದೆಯಡಿ ಒಳಗೇ ಇಟ್ಟುಕೊಂಡರು. ತೀವ್ರ ಅಸ್ತಮಾ ಇದ್ದ ಹೆಣ್ಣುಮಗಳು. ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ, ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಚೀರಾಟ ಕೇಳಿಸುತ್ತಿತ್ತು ಎಂದು ಮುಂದೆ ನೆನೆದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. 20ರಂದು ಅವರು ತೀರಿಕೊಂಡರು.

ಆ ಐದು ದಿನಗಳನ್ನು ಸರ್ಕಾರ ಯಾರ ಲೆಕ್ಕಕ್ಕೆ ಬರೆಯಿತು? ಇದನ್ನು ಕೇಳಲೆಂದೇ ಈ ಪತ್ರ.

ನಮ್ಮ ಮನೆಯಲ್ಲೂ ಅಂಥ ದಿನಗಳಿವೆ. ಅಪ್ಪ ಹಳ್ಳಿಶಾಲೆಯ ಮೇಷ್ಟ್ರು. ಕರಪತ್ರ ಹಂಚಿದರೆಂದು ಹಿಡಿದೊಯ್ದರು. ಜೈಲಿನ ಹೆಸರು ಬೇಡ, ಅಂದು ಬಾಗಿಲಲ್ಲಿ ನಿಂತಿದ್ದವರು ಇಂದು ಯಾರೂ ಉಳಿದಿರಲಿಕ್ಕಿಲ್ಲ. ಅಮ್ಮ ವಾರಕ್ಕೊಮ್ಮೆ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು, ಅದೇ ಗಂಟಿನೊಡನೆ ವಾಪಸು ಬರುತ್ತಿದ್ದಳು. ನನಗಾಗ ಒಂಬತ್ತು ವರ್ಷ. ಅಪ್ಪನ ಕಾಲಿನ ಹುಣ್ಣು ಕೊಳೆತ ಮೇಲೆ ಬಿಟ್ಟು ಕಳಿಸಿದರು. ಹನ್ನೊಂದನೆಯ ದಿನ ನಡುಮನೆಯಲ್ಲೇ ಪ್ರಾಣ ಬಿಟ್ಟರು. ದಾಖಲೆ ಕೇಳಿ ನಾನು ಅಲೆದ ಕಚೇರಿಗಳು ಒಂದೆರಡಲ್ಲ. ಕೊನೆಗೆ ಸಿಕ್ಕ ಕಾಗದದಲ್ಲಿ ಇದ್ದದ್ದು ಒಂದೇ ಮಾತು: ‘ಬಿಡುಗಡೆ’. ಆ ಪದ ಓದಿದಾಗಲೆಲ್ಲ ನನಗೆ ಹುಣ್ಣಿನ ವಾಸನೆ ಬರುತ್ತದೆ, ಸ್ವಾಮಿ.

ನಿಯಮ ತಮಗೆ ಗೊತ್ತೇ ಇದೆ. ಬಂಧನದಲ್ಲಿರುವವರು ಸತ್ತರೆ ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಬೇಕು, 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು. ಸಾಯುವ ಮುನ್ನ ಬಿಟ್ಟುಬಿಟ್ಟರೆ ಎರಡೂ ತಪ್ಪುತ್ತವೆ. ಚೀನಾ ಸರ್ಕಾರ ತನ್ನನ್ನು ಟೀಕಿಸಿದ ಲೇಖಕ ಲಿಯು ಕ್ಸಿಯಾವೊಬೊ ಅವರಿಗೆ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. 11 ವರ್ಷಗಳ ಶಿಕ್ಷೆ ಅನುಭವಿಸುತ್ತಿದ್ದ ನೊಬೆಲ್ ಪುರಸ್ಕೃತರು ಅವರು. ಯಕೃತ್ತಿನ ಕ್ಯಾನ್ಸರ್ ಕೊನೆಯ ಹಂತ ಮುಟ್ಟಿದ ಮೇಲೆ ವೈದ್ಯಕೀಯ ಪೆರೋಲ್ ಎಂದರು. 2017ರ ಜುಲೈ 13ರಂದು ಶೆನ್ಯಾಂಗ್‌ನ ಆಸ್ಪತ್ರೆಯಲ್ಲಿ, ಕಾವಲಿನ ನಡುವೆಯೇ ಅವರು ಸತ್ತರು.

ಅಧಿಕಾರದಲ್ಲಿ ಯಾವ ಪಕ್ಷವೇ ಇರಲಿ, ನಮ್ಮಲ್ಲಿ ಪ್ರತಿ ಜೂನ್ 25ಕ್ಕೆ ತುರ್ತು ಪರಿಸ್ಥಿತಿಯ ಭಾಷಣಗಳಾಗುತ್ತವೆ. ನನಗೆ ಭಾಷಣ ಸಾಕಾಗಿದೆ. ನನಗೆ ಬೇಕಾದದ್ದು ಒಂದು ಆದೇಶ: ಕೈದಿ ಕಾಯಿಲೆಯಿಂದ ಬಿಡುಗಡೆಯಾಗಿ ಮೂರು ತಿಂಗಳೊಳಗೆ ಸತ್ತರೆ ಅದನ್ನು ಜೈಲಿನ ಸಾವೆಂದೇ ಬರೆಯಬೇಕು, ವಿಚಾರಣೆಯೂ ಆಗಬೇಕು. ಅವರು ಸರ್ಕಾರವನ್ನು ಬೈದು ಒಳಗೆ ಹೋದವರಾದರಂತೂ ತಪ್ಪದೆ ಆಗಬೇಕು, ಏಕೆಂದರೆ ಅವರ ಸಾವಿನ ಬಗ್ಗೆ ಸುಮ್ಮನಿರಲು ಸರ್ಕಾರಕ್ಕೆ ಎಲ್ಲರಿಗಿಂತ ಹೆಚ್ಚು ಕಾರಣಗಳಿರುತ್ತವೆ.

ಪರಿಶೀಲಿಸಲಾಗುವುದು ಎಂಬ ಉತ್ತರ ಬೇಡ. ಅಂಥವು ನನ್ನ ಬಳಿ ಒಂದು ಕಡತದಷ್ಟಿವೆ. ಬಿಡುಗಡೆಯ ನಂತರದ ಆ ಸಾವುಗಳನ್ನು ಜೈಲಿನ ಸಾವೆಂದು ಬರೆಯಿರಿ. ನಮ್ಮಪ್ಪನ ಕಾಗದದಲ್ಲಿರುವ ಆ ಒಂದು ಪದವನ್ನೂ ತಿದ್ದಿ ಕೊಡಿ. ಅಮ್ಮನಿಗೆ ಈಗ ತೊಂಬತ್ತು ದಾಟಿದೆ.

ಇಂತಿ,
ಒಬ್ಬ ಮೇಷ್ಟ್ರ ಮಗ