ಪಂಚತಂತ್ರ ಮುಗಿದ ಮೇಲೆ ಓದಲು ಏನಿದೆ ಎಂದವರಿಗೆ

ಮಾನ್ಯ ಸಂಪಾದಕರೇ,

ಹತ್ತು-ಹನ್ನೆರಡು ವರ್ಷದ ಮಕ್ಕಳಿಗೆ ಕನ್ನಡದಲ್ಲಿ ಕಾದಂಬರಿಗಳೇ ಇಲ್ಲ, ಪಂಚತಂತ್ರ ಮುಗಿಯಿತೆಂದರೆ ನೇರವಾಗಿ ದೊಡ್ಡವರ ಪುಸ್ತಕಕ್ಕೇ ಹಾರಬೇಕು ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಯಲ್ಲಿ ಬೇಸರಪಟ್ಟುಕೊಂಡಿದ್ದರು. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕಿಯಾಗಿರುವ ನನಗೆ ಅದನ್ನು ಓದಿ ಸುಮ್ಮನಿರಲಾಗಲಿಲ್ಲ. ಪುಸ್ತಕಗಳಿವೆ. ಅವುಗಳ ಹೆಸರು ಅಪ್ಪ-ಅಮ್ಮಂದಿರ ಕಿವಿಗೆ ಬಿದ್ದಿಲ್ಲ, ಅಷ್ಟೆ.

ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2019ರಿಂದ 2023ರವರೆಗೆ, ಐದೂ ವರ್ಷ, ಕನ್ನಡದಲ್ಲಿ ಕಾದಂಬರಿಗೇ ಬಂದಿದೆ. ಚಂದ್ರಕಾಂತ ಕರದಳ್ಳಿಯವರ ‘ಕಾಡು ಕನಸಿನ ಬೀದಿಗೆ’, ಎಚ್.ಎಸ್. ಬ್ಯಾಕೋಡರ ‘ನಾನು ಅಂಬೇಡ್ಕರ್’, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಎಲ್ಲವೂ ಮಕ್ಕಳಿಗೆಂದೇ ಬರೆದವು. ಅದಕ್ಕೂ ಮೊದಲು, 2011ರಲ್ಲಿ, ಸಾಗರದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಇದೇ ಪುರಸ್ಕಾರ ಪಡೆದಿತ್ತು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಸೀಮೆಯ ಮುಳುಗಡೆಯನ್ನು ಕಣ್ಣಾರೆ ಕಂಡವರು ಅವರು. ಲಿಂಗನಮಕ್ಕಿ ಅಣೆಕಟ್ಟು ನಮ್ಮ ಸಮಾಜ ಪುಸ್ತಕದಲ್ಲಿ ಒಂದು ಸಾಲು. ಆ ನೀರಿನಡಿ ಮನೆ-ಗದ್ದೆ ಹೋದವರ ಪಾಡು ಗೊತ್ತಾಗಬೇಕಾದರೆ ಕಥೆಯೇ ಬೇಕು.

‘ಓಡಿ ಹೋದ ಹುಡುಗ’ವನ್ನು ನಾನು ಯಾರಿಗೂ ಶಿಫಾರಸು ಮಾಡಬೇಕಾಗಿಲ್ಲ. ಮುಖಪುಟ ಕಾಣುವಂತೆ ನಿಲ್ಲಿಸಿದರೆ ಸಾಕು, ಐದನೇ ತರಗತಿಯವರು ಹೆಸರು ನೋಡಿಯೇ ಎತ್ತಿಕೊಳ್ಳುತ್ತಾರೆ.

ಏಳು-ಎಂಟನೇ ತರಗತಿಗೆ ಬಂದವರಿಗೆ ನಾನು ಕೊಡುವುದು ತೇಜಸ್ವಿಯವರ ‘ಕರ್ವಾಲೋ’. ಮೂಡಿಗೆರೆಯ ಸುತ್ತ ನಡೆಯುವ 1980ರ ಈ ಕಾದಂಬರಿಯನ್ನು ಅವರು ಮಕ್ಕಳಿಗೆಂದು ಬರೆದದ್ದಲ್ಲ, ನಿಜ. ಆದರೆ ಅದರಲ್ಲಿ ಕಿವಿ ಎಂಬ ನಾಯಿ ಇದೆ, ಬಿರಿಯಾನಿ ಕರಿಯಪ್ಪ ಇದ್ದಾನೆ, ಜೇನು ಸಾಕುವ ಮಂದಣ್ಣ ಇದ್ದಾನೆ. ಊರಿನ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ಕರ್ವಾಲೋ ಎಂಬ ವಿಜ್ಞಾನಿಗೆ ಮಾತ್ರ ಅವನ ಬೆಲೆ ಗೊತ್ತು, ಏಕೆಂದರೆ ಹಾರುವ ಓತಿಯನ್ನು ಕಂಡವನು ಅವನು. ಪರೀಕ್ಷೆಯಲ್ಲಿ ಹಿಂದೆ ಬೀಳುವ, ಆದರೆ ಯಾವ ಪೊದೆಯಲ್ಲಿ ಯಾವ ಹಕ್ಕಿಯ ಗೂಡಿದೆ ಎಂದು ಬಲ್ಲ ಹುಡುಗರು ಪ್ರತಿ ಊರಲ್ಲೂ ಇರುತ್ತಾರೆ. ಅವರು ಈ ಪುಸ್ತಕ ಓದುವ ರೀತಿಯೇ ಬೇರೆ. ಒಬ್ಬ ಕೇಳಿದ: ‘ಮೂಡಿಗೆರೆ ನಮ್ ಜಿಲ್ಲೆನೇ ಅಲ್ವಾ ಮೇಡಂ, ಹಾರೋ ಓತಿ ನಮ್ ಕಡೆ ಯಾಕಿಲ್ಲ?’ ನಮ್ಮದು ಬಯಲು, ತೆಂಗು ಮತ್ತು ಈರುಳ್ಳಿಯ ಊರು. ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತ ಬಿಟ್ಟರೆ ಬೇರೆ ಇಲ್ಲ. ಮಲೆಕಾಡಿನ ಎತ್ತರದ ಮರಗಳ ಬಗ್ಗೆ ಅವತ್ತು ಅರ್ಧ ಗಂಟೆ ಮಾತಾಡಿದೆವು. ಕೊನೆಗೆ ಆ ಓತಿ ಅದನ್ನು ಹುಡುಕಿ ಹೊರಟ ಕರ್ವಾಲೋ ತಂಡದ ಕೈಗೆ ಸಿಗುತ್ತದೋ ಇಲ್ಲವೋ ಎಂಬುದನ್ನು ಮಾತ್ರ ನಾನು ಯಾವ ಮಗುವಿಗೂ ಮುಂಚೆ ಹೇಳುವುದಿಲ್ಲ.

‘ಇದರಲ್ಲಿ ಕಳ್ಳಬಟ್ಟಿ ಕೇಸು ಬರುತ್ತಲ್ಲಮ್ಮ, ಮಕ್ಕಳಿಗೆ ಇದಾ ಕೊಡೋದು?’ ಎಂದು ತಂದೆಯೊಬ್ಬರು ಆಕ್ಷೇಪಿಸಿದ್ದುಂಟು. ಬರುತ್ತದೆ. ಮಂದಣ್ಣ ಸಿಕ್ಕಿಬಿದ್ದು ಪಡುವ ಪಾಡೂ ಬರುತ್ತದೆ. ನಮ್ಮ ಹಳ್ಳಿಯ ಮಕ್ಕಳಿಗೆ ಹೆಂಡ-ಸಾರಾಯಿ ಪುಸ್ತಕದಿಂದ ತಿಳಿಯಬೇಕಾದ ಸಂಗತಿಯೇನಲ್ಲ. ಬೇಡವೆಂದರೆ ತೇಜಸ್ವಿಯವರದೇ ‘ಪರಿಸರದ ಕತೆ’ ಕೊಡಿ. ಅದು ಕಾದಂಬರಿಯಲ್ಲ, ಆದರೆ ಅಲ್ಲೂ ಕಿವಿ ಇದೆ, ಮಾರ, ಪ್ಯಾರ ಎಂಬವರೂ ಇದ್ದಾರೆ.

ಶಾಲೆ ಎಂದರೆ ಮುಖ ಸಿಂಡರಿಸುವವರಿಗೆ ಜಪಾನಿನ ‘ತೊತ್ತೋ ಚಾನ್’ ಇದೆ, ಕನ್ನಡದಲ್ಲೇ ಸಿಗುತ್ತದೆ. ರೈಲು ಡಬ್ಬಿಗಳೇ ತರಗತಿ, ಹೊಸದಾಗಿ ಬಂದ ಹುಡುಗಿಯ ಮಾತನ್ನು ನಾಲ್ಕು ಗಂಟೆ ಕೂತು ಕೇಳುವ ಹೆಡ್‌ಮಾಸ್ತರು. ಅದು ಲೇಖಕಿಯ ಸ್ವಂತ ಬಾಲ್ಯದ ಕಥೆ. ‘ಹೌದಾ ಮೇಡಂ, ನಿಜವಾಗ್ಲೂ ಇತ್ತಾ?’ ಎಂದು ಕೇಳದೆ ಪುಸ್ತಕ ವಾಪಸು ಕೊಟ್ಟವರಿಲ್ಲ.

ದೊಡ್ಡವರಲ್ಲಿ ಒಂದು ಬೇಡಿಕೆ. ಪುಸ್ತಕ ಮುಗಿಸಿದ ಮಗುವಿಗೆ ‘ಇದರ ನೀತಿ ಏನು?’ ಎಂದು ಕೇಳಬೇಡಿ. ಯಾರು ಇಷ್ಟವಾದರು, ಎಲ್ಲಿ ನಗು ಬಂತು ಎಂದು ಕೇಳಿ. ಮಧ್ಯದಲ್ಲೇ ಬಿಟ್ಟರೆ ಬಿಡಲಿ, ಬೇರೆಯದು ತೆಗೆದುಕೊಳ್ಳಲಿ. ‘ಓದುವ ಬೆಳಕು’ ಯೋಜನೆಯಲ್ಲಿ 6ರಿಂದ 18 ವರ್ಷದವರಿಗೆ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ನೀವು ಕಟ್ಟುತ್ತಿದ್ದೀರಿ, ಆದ್ದರಿಂದ ಬಂದು ಹಕ್ಕಿನಿಂದ ಕೇಳಿ. ಕೇಳುವವರಿಲ್ಲದಿದ್ದರೆ ಕಪಾಟು ತುಂಬುವುದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿಂದಲೇ. ದಾನ ಕೊಡುವವರೂ ಹಳೆಯ ಗೈಡುಗಳನ್ನೇ ತಂದು ಸುರಿಯುತ್ತಾರೆ. ಸ್ಕೂಲ್ ಡೇ ಬಹುಮಾನಕ್ಕೆ ಟಿಫನ್ ಡಬ್ಬಿ ತರುವ ಮೇಷ್ಟ್ರುಗಳು ಒಂದು ವರ್ಷ ಮೇಲಿನ ಪಟ್ಟಿಯಿಂದ ತಂದು ನೋಡಲಿ.

ಕಡೆಯದಾಗಿ ನಿಮ್ಮಲ್ಲೇ ಒಂದು ಮನವಿ. ಭಾನುವಾರದ ಪುರವಣಿಯಲ್ಲಿ ಪುಸ್ತಕ ವಿಮರ್ಶೆ ಎಲ್ಲವೂ ದೊಡ್ಡವರದೇ. ತಿಂಗಳಿಗೊಮ್ಮೆಯಾದರೂ ಮಕ್ಕಳ ಕಾದಂಬರಿಯೊಂದನ್ನು ಬೆಲೆ ಮತ್ತು ಪ್ರಕಾಶಕರ ವಿಳಾಸದ ಸಮೇತ ಪರಿಚಯಿಸಿ. ಬರೆಯುವವರು ಸಿಗದಿದ್ದರೆ ನಮ್ಮ ಗ್ರಂಥಾಲಯದ ಎಂಟನೇ ತರಗತಿಯವರಿಂದ ಬರೆಸಿ ಕಳಿಸುತ್ತೇನೆ.

– ಗ್ರಾಮ ಪಂಚಾಯಿತಿ ಗ್ರಂಥಾಲಯ ಮೇಲ್ವಿಚಾರಕಿ, ಕಡೂರು ತಾಲ್ಲೂಕು