ಇನ್ನು ಮುಂದೆ ಚೀಟಿ ಇಲ್ಲದೆ ಮಕ್ಕಳ ಆ್ಯಂಟಿಬಯೋಟಿಕ್ ಕೊಡುವುದಿಲ್ಲ

ನಮ್ಮ ಅಂಗಡಿಗೆ ಬರುವ ಎಲ್ಲರಿಗೂ ನಮಸ್ಕಾರ.

ಬರುವ ಸೋಮವಾರದಿಂದ ನಮ್ಮ ಮೆಡಿಕಲ್‌ನಲ್ಲಿ ಡಾಕ್ಟರ ಚೀಟಿ ಇಲ್ಲದೆ ಮಕ್ಕಳ ಆ್ಯಂಟಿಬಯೋಟಿಕ್ ಸಿರಪ್ ಸಿಗುವುದಿಲ್ಲ. ಹಳೇ ಪರಿಚಯದವರಿಗೂ ಇಲ್ಲ, ಫೋನ್ ಮಾಡಿ 'ಬಸ್ಸಿನಲ್ಲಿ ಕಳಿಸಿಬಿಡಿ' ಅನ್ನುವವರಿಗೂ ಇಲ್ಲ.

ಇದು ಹೊಸ ಕಾನೂನೇನಲ್ಲ. ಅಮಾಕ್ಸಿಸಿಲಿನ್, ಅಜಿತ್ರೋಮೈಸಿನ್ ಎಲ್ಲ ಚೀಟಿ ನೋಡಿಯೇ ಕೊಡಬೇಕಾದ ಔಷಧಿ. ಸೆಫಿಕ್ಸಿಮ್ ಥರದವಕ್ಕೆ 2014ರಿಂದ ಇನ್ನೂ ಬಿಗಿ, ಡಾಕ್ಟರ ಹೆಸರು, ರೋಗಿಯ ಹೆಸರು ಬೇರೆ ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟಿರಬೇಕು. ಹಾಗಿದ್ದೂ ಎಷ್ಟೋ ಸಲ ಚೀಟಿ ಕೇಳದೆ ಕೊಟ್ಟಿದ್ದೇವೆ, ತಪ್ಪು ನಮ್ಮದೇ. ಮೂಡಿಗೆರೆಯ ಮಳೆಯಲ್ಲಿ ಮಗುವನ್ನು ಎತ್ತಿಕೊಂಡು ನೆನೆದು ಬಂದವರಿಗೆ ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ. ವ್ಯಾಪಾರ ಬಿಡಲು ಮನಸ್ಸೂ ಇರಲಿಲ್ಲ ಅನ್ನಿ.

ಹೋದ ತಿಂಗಳು ತೋಟದ ಕೂಲಿಯವರ ಲೈನ್ ಮನೆಯಿಂದ ಒಬ್ಬ ತಾಯಿ ಬಂದರು, ಕೈಯಲ್ಲಿ ಅರ್ಧ ಉಳಿದ ಬಾಟಲಿ. ಹೋದ ಮಳೆಗಾಲದಲ್ಲಿ ದೊಡ್ಡವನಿಗೆ ತಂದದ್ದಂತೆ, ಈಗ ಎರಡು ದಿನದಿಂದ ಚಿಕ್ಕವಳಿಗೆ ಹಾಕುತ್ತಿದ್ದಾರೆ, ಕಡಿಮೆ ಆಗಿಲ್ಲ, ಇಂಥದ್ದೇ ಇನ್ನೊಂದು ಕೊಡಿ ಅಂದರು. ಆ ಸಿರಪ್ ಪುಡಿಯಾಗಿ ಬರುತ್ತದೆ, ನೀರು ಬೆರೆಸಿದ ಮೇಲೆ 7 ದಿನ ಕಳೆದರೆ ಎಸೆಯಬೇಕು. ಅಣ್ಣನ ಅಳತೆ ತಂಗಿಗೆ ಹೊಂದುವುದೂ ಇಲ್ಲ, ಮಗುವಿನ ತೂಕ ನೋಡಿ ಲೆಕ್ಕ ಹಾಕುವ ಔಷಧಿ ಅದು. ಅವರಿಗೆ ಬುದ್ಧಿ ಹೇಳಲು ಹೊರಟೆ, ಆಮೇಲೆ ನೆನಪಾಯಿತು, ಆ ಬಾಟಲಿಯನ್ನು ಚೀಟಿ ಇಲ್ಲದೆ ಕೊಟ್ಟವನು ನಾನೇ.

'ಹೋದ ಸಲ ಇದರಲ್ಲೇ ವಾಸಿಯಾಯ್ತಲ್ಲ' ಅಂತ ಎಲ್ಲರೂ ಹೇಳುತ್ತಾರೆ. ಶೀತ, ನೆಗಡಿ ಬಹುತೇಕ ವೈರಸ್‌ನಿಂದ ಬರುವಂಥದ್ದು, ಆ್ಯಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ, ಒಂದು ವಾರ ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ನೀವು ನಾಲ್ಕನೇ ದಿನ ಸಿರಪ್ ಹಾಕಿದಿರಿ, ಏಳನೇ ದಿನ ಮಗು ಆಡತೊಡಗಿತು, ಹೆಸರು ಸಿರಪ್‌ಗೆ ಬಂತು, ಅಷ್ಟೇ ಅಲ್ವಾ? ಸುಮ್ನೆ ಕುಡಿಸಿದರೆ ಮಗುವಿಗೆ ಭೇದಿ ಹಿಡಿಯಬಹುದು. ಅದಕ್ಕಿಂತ ಜಾಸ್ತಿ ಭಯ ಬೇರೆ, ಮೈಯಲ್ಲಿರುವ ಬ್ಯಾಕ್ಟೀರಿಯಾ ಆ ಔಷಧಿಗೆ ಒಗ್ಗಿಕೊಂಡರೆ ನಾಳೆ ನಿಜವಾಗಿ ನ್ಯುಮೋನಿಯಾ ಬಂದಾಗ ಅದು ನಾಟುವುದಿಲ್ಲ.

ಡಾಕ್ಟರ ಹತ್ತಿರ ಹೋದರೆ ಬಸ್ ಚಾರ್ಜು, ಫೀಸು, ಮೇಲೆ ಒಂದು ದಿನದ ಕೂಲಿ ಹೋಗುತ್ತದೆ, ಗೊತ್ತು. ಸರ್ಕಾರಿ ಆಸ್ಪತ್ರೆಯ ಚೀಟಿಯಾದರೂ ಸರಿ, ಸರ್ಕಾರದ ಇ-ಸಂಜೀವಿನಿಯಲ್ಲಿ ಫೋನಿನಲ್ಲೇ ಡಾಕ್ಟರಿಗೆ ತೋರಿಸಿ ಬಂದ ಚೀಟಿಯಾದರೂ ಸರಿ (ನಮ್ಮ ಕಡೆ ನೆಟ್‌ವರ್ಕ್ ಸಿಕ್ಕರೆ!). ಹೋದ ವರ್ಷದ ಚೀಟಿ ಮಾತ್ರ ನಡೆಯುವುದಿಲ್ಲ. ಜ್ವರದ ಪ್ಯಾರಸಿಟಮಾಲ್, ಓಆರ್‌ಎಸ್ ಎಂದಿನ ಹಾಗೆ ಸಿಗುತ್ತದೆ. ಆದರೆ ಮಗು ಜೋರಾಗಿ ಉಸಿರೆಳೆಯುತ್ತಿದ್ದರೆ, ಪಕ್ಕೆ ಒಳಗೆ ಹೋಗುತ್ತಿದ್ದರೆ, ಹಾಲು ನೀರು ಬಿಟ್ಟಿದ್ದರೆ, ಇಲ್ಲಾ 3 ತಿಂಗಳೊಳಗಿನ ಕೂಸಿಗೆ ಜ್ವರ ಬಂದಿದ್ದರೆ ನಮ್ಮಲ್ಲಿಗೆ ಬರಲೇಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಬೇರೆ ಅಂಗಡಿಯಲ್ಲಿ ಕೊಡುತ್ತಾರೆ ಅಂತ ಕೆಲವರು ಹೋಗಬಹುದು, ಹೋಗಲಿ.

ಚೀಟಿ ತಂದರೆ ಪುಡಿಗೆ ನೀರನ್ನು ನಾವೇ ಅಳೆದು ಬೆರೆಸಿ, ಎಸೆಯಬೇಕಾದ ತಾರೀಕನ್ನು ಬಾಟಲಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕೊಡುತ್ತೇವೆ. ಮನೆಯಲ್ಲಿ ಉಳಿದ ಹಳೇ ಬಾಟಲಿಗಳಿದ್ದರೆ ತಂದುಕೊಡಿ. ಯಾರಿಗೆ ತಂದದ್ದು, ಯಾಕೆ ಉಳಿಯಿತು ಅಂತ ಕೇಳುವುದಿಲ್ಲ.